ಇನಿಷಿಯಲ್‌ನಲ್ಲಿ ಉಳಿದ ಊರು

ನುಗ್ಗೇಹಳ್ಳಿಯ ನಮ್ಮ ಮನೆಯ ರೇಡಿಯೋದಲ್ಲಿ ‘ಗಾನವಿಹಾರ’ ಬರುತ್ತಿತ್ತು. ಅದರಲ್ಲಿ ಸಂಗೀತ ಪಾಠ ಹೇಳುತ್ತಿದ್ದವರು ಆರ್.ಕೆ. ಶ್ರೀಕಂಠನ್. ಆ ‘ಆರ್’ ನಮ್ಮದೇ ಹಾಸನ ಜಿಲ್ಲೆಯ ಹಳ್ಳಿ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಆಮೇಲೆ ಎಲ್ಲಿ ನೋಡಿದರೂ ಅದೇ ಅಕ್ಷರ: ಗಾಯಕರಾದ ಆರ್.ಕೆ. ಪದ್ಮನಾಭ, ಸಹೋದರರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್. ಆ ಹಳ್ಳಿಯೇ ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ರುದ್ರಪಟ್ಟಣ.

ಇದು ಸಂಕೇತಿ ಸಮುದಾಯದವರ ಊರು. ಇವರ ಹಿರಿಯರು ತಮಿಳು, ಮಲಯಾಳ ಎರಡೂ ಸೇರುವ ಶೆಂಕೋಟ್ಟೈ ಸೀಮೆಯಿಂದ ಘಟ್ಟ ಹಾದು ಬಂದವರು. ಯಾಕೆ ಬಂದರು ಎಂದು ಕೇಳಿದರೆ ಇಂದಿಗೂ ಮೊದಲು ಬರುವ ಹೆಸರು ನಾಚಾರಮ್ಮನದು. ಶಾಸ್ತ್ರ ಬಲ್ಲ ಹೆಣ್ಣುಮಗಳು, ಊರಿನವರು ಅವಮಾನಿಸಿದರು, ಆಕೆ ಶಪಿಸಿ ಹೊರಟಳು, ನಂಬಿದ ಕುಟುಂಬಗಳು ಹಿಂದೆ ನಡೆದವು. ಐತಿಹ್ಯವೇ ಇರಲಿ, ಇಡೀ ಸಮುದಾಯ ತನ್ನ ಮೂಲವನ್ನು ಒಬ್ಬ ಹೆಣ್ಣಿನ ಸ್ವಾಭಿಮಾನದಲ್ಲಿ ಗುರುತಿಸಿಕೊಳ್ಳುತ್ತದೆ. ನನಗೆ ಇದಕ್ಕಿಂತ ದೊಡ್ಡ ವಂಶಾವಳಿ ಬೇಕಿಲ್ಲ.

ಹಾಸನದ ಬಳಿಯ ಕೌಶಿಕ, ಆಚೆ ಬೆಟ್ಟದಪುರ, ಹೀಗೆ ನೆಲೆ ನಿಂತರು. ಅಡಿಕೆ ಬೆಳೆದರು, ವೇದ ಓದಿದರು. ರುದ್ರಪಟ್ಟಣದಲ್ಲಿ ಸಂಗೀತ ಮನೆವಾರ್ತೆಯಷ್ಟೇ ಸಹಜವಾಯಿತು. 1920ರಲ್ಲಿ ಇಲ್ಲಿ ಹುಟ್ಟಿದ ಶ್ರೀಕಂಠನ್ ಅವರಿಗೆ ತಂದೆ ಕೃಷ್ಣಶಾಸ್ತ್ರಿಗಳು, ಪಿಟೀಲು ವಿದ್ವಾಂಸರಾದ ಅಣ್ಣ ವೆಂಕಟರಾಮ ಶಾಸ್ತ್ರಿಗಳೇ ಗುರುಗಳು. ಅವರಿಗೆ 1995ರಲ್ಲಿ ಮದರಾಸಿನ ‘ಸಂಗೀತ ಕಲಾನಿಧಿ’, 2011ರಲ್ಲಿ ಪದ್ಮಭೂಷಣ ಬಂತು. ಊರು ಬಿಟ್ಟವರನ್ನು ಪದ್ಮನಾಭ ಅವರು ಸಂಗೀತೋತ್ಸವದ ನೆಪದಲ್ಲಿ ಮತ್ತೆ ಹೊಳೆದಂಡೆಗೆ ಕರೆತಂದರು. ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತೆಗಳ ಮಂದಿರವನ್ನೂ ಕಟ್ಟಿಸಿದರು.

ಆದರೆ ಒಂದು ಸಂಕಟ ನನ್ನನ್ನು ಬಿಡುವುದಿಲ್ಲ. ವೇದಿಕೆಯಲ್ಲಿ ಪುರಂದರದಾಸರ ಕನ್ನಡ ಇದೆ, ತ್ಯಾಗರಾಜರ ತೆಲುಗು ಇದೆ. ತಮಿಳು, ಮಲಯಾಳ, ಕನ್ನಡ ಬೆರೆತ, ತನ್ನದೇ ಲಿಪಿಯಿಲ್ಲದ ಸಂಕೇತಿ ಮಾತು ಮಾತ್ರ ಅಡುಗೆಮನೆಯಲ್ಲೇ ಉಳಿಯಿತು. ಘಟ್ಟ ದಾಟಿ ಬಂದಾಗ ಮೂಟೆಯಲ್ಲಿದ್ದ ಮೊದಲ ಆಸ್ತಿ ಅದೇ ಅಲ್ಲವೇ? ಬೆಂಗಳೂರಿನ ಫ್ಲಾಟುಗಳಲ್ಲಿ ಮೊಮ್ಮಕ್ಕಳು ಸರಳೆ, ಜಂಟಿವರಸೆ ಒಪ್ಪಿಸುತ್ತಾರೆ. ಅಜ್ಜಿ ಸಂಕೇತಿಯಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಾರೆ. ಕಛೇರಿಗಳ ಧ್ವನಿಮುದ್ರಿಕೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ; ಈ ಮಾತನ್ನೂ ಹಾಗೇ ಉಳಿಸಿಕೊಳ್ಳಬೇಕು. ನಿಮ್ಮ ಮನೆಯಲ್ಲಿ ಸಂಕೇತಿ ಆಡುವ ಹಿರಿಯರಿದ್ದರೆ ಈ ಭಾನುವಾರವೇ ಪಕ್ಕದಲ್ಲಿ ಕುಳಿತು, ನಾಚಾರಮ್ಮನ ಕಥೆಯನ್ನು ಅವರ ಮಾತಿನಲ್ಲೇ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.