ಕೆಟ್ಟ ಸಾಲದ ಚರಿತ್ರೆ ಸರಿಪಡಿಸುವುದು

ಭಾರತದಲ್ಲಿ ಸಾಲಗಾರರ ಮರುಪಾವತಿ ದಾಖಲೆಯನ್ನು ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಇಡುತ್ತವೆ. ಈ ದಾಖಲೆಯ ಮೇಲೆ ಸಿಬಿಲ್ ಕೊಡುವ ಅಂಕ 300ರಿಂದ 900ರವರೆಗೆ ಇರುತ್ತದೆ. ಸಂಬಳ ಎಷ್ಟೆಂಬುದು ಈ ಅಂಕದ ಲೆಕ್ಕಕ್ಕೇ ಬರುವುದಿಲ್ಲ. ಕಂತು ಗಡುವಿನೊಳಗೆ ಬಂತೇ ಎಂಬುದೇ ಮುಖ್ಯ.

ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತೀರಿದ ಸಾಲ ಬಾಕಿಯೆಂದೇ ಉಳಿದಿದ್ದರೆ ದೂರು ಕೊಡಬಹುದು. 30 ದಿನದಲ್ಲಿ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವುಂಟು. ಬ್ಯಾಂಕಿನೊಡನೆ ಚೌಕಾಸಿ ಮಾಡಿ ಕಡಿಮೆ ಹಣಕ್ಕೆ ಮುಗಿಸಿದ ಸಾಲ ‘ಸೆಟಲ್ಡ್’ ಎಂದು ದಾಖಲಾಗುತ್ತದೆ. ಮುಂದೆ ಸಾಲ ಕೊಡುವವರ ಕಣ್ಣಿಗೆ ಅದು ಕಪ್ಪುಚುಕ್ಕೆಯೇ.

ಕ್ರೆಡಿಟ್ ಕಾರ್ಡಿನ ‘ಕನಿಷ್ಠ ಮೊತ್ತ’ ನೋಡಲು ಉಪಕಾರ, ಒಳಗೆ ಉರುಳು. 20,000 ರೂಪಾಯಿ ಬಾಕಿಗೆ ತಿಂಗಳಿಗೆ ಶೇ 3.5ರಂತೆ ಬಡ್ಡಿ 700, ಅದರ ಮೇಲೆ ಶೇ 18ರ ಜಿಎಸ್‌ಟಿ 126. ಆ ತಿಂಗಳು 1,000 ಕಟ್ಟಿದರೆ ಅಸಲಿನಲ್ಲಿ ಕರಗುವುದು ಬರೀ 174 ರೂಪಾಯಿ. ಆದ್ದರಿಂದ ಹೆಚ್ಚು ಬಡ್ಡಿಯ ಸಾಲವನ್ನೇ ಮೊದಲು ತೀರಿಸಬೇಕು, ಉಳಿದವುಗಳ ಕಂತು ತಪ್ಪಿಸದೆ.

ಅದಕ್ಕೆ ಹಣ ಉಳಿಸಲು ನೋಡಿದರೆ, ಮನೆಖರ್ಚಿನಲ್ಲಿ ಬಾಡಿಗೆ, ಶಾಲಾ ಶುಲ್ಕಗಳನ್ನು ಕಡಿಮೆ ಮಾಡುವುದು ಕಷ್ಟ. ಕಡಿತಕ್ಕೆ ಸಿಗುವುದು ದಿನಸಿ ಅಂಗಡಿಯ ಉದ್ರಿ, ಫೋನಿನಲ್ಲೇ ತರಿಸುವ ತಿಂಡಿ, ಹಬ್ಬದ ಇಎಂಐ ಖರೀದಿ. ಸಂಬಳ ಬಂದ ಮರುದಿನವೇ ಕಂತು ಕಡಿತವಾಗುವಂತೆ ಬ್ಯಾಂಕಿಗೆ ಹೇಳಿಟ್ಟರೆ ಮರೆವಿಗೆ ಆಸ್ಪದವಿಲ್ಲ. ಹೊಸ ಸಾಲ ಹುಟ್ಟದವರಿಗೆ ಠೇವಣಿಯ ಆಧಾರದ ಮೇಲೆ ಕಾರ್ಡ್ ಕೊಡುವ ಬ್ಯಾಂಕುಗಳಿವೆ. ಅದರಲ್ಲಿ ಸ್ವಲ್ಪವೇ ಖರ್ಚು ಮಾಡಿ ಪೂರ್ತಿ ಕಟ್ಟುತ್ತಾ ಹೋದರೆ ಕೆಲವು ತಿಂಗಳಲ್ಲಿ ಅಂಕ ಏರತೊಡಗುತ್ತದೆ.