ಮಿಸ್ತ್ರಿ ಎದುರು ಸಾಧುವಾಗುವ ಗಾಡಿ

ಮುಂಬಯಿಯ ಚೆಂಬೂರಿನ ಅಮರ್ ಮಹಲ್ ಜಂಕ್ಷನ್ನಿನಲ್ಲಿ ಸಂಜೆ ಏಳಕ್ಕೆ ಕಾರು ಬಂದ್ ಬಿದ್ದರೆ ಹಿಂದಿನವರ ಹಾರ್ನೇ ಅರ್ಧ ಪ್ರಾಣ ತೆಗೆಯುತ್ತದೆ. ನನ್ನ 1989ರ ಪ್ರೀಮಿಯರ್ ಪದ್ಮಿನಿ ಈ ಬೇಸಿಗೆಯಲ್ಲಿ ಅಲ್ಲೇ ಮೂರು ಸಲ ನಿಂತಿತು. ಮೂರು ಸಲವೂ ಇಪ್ಪತ್ತು ನಿಮಿಷ ಕಾದು ಸೆಲ್ಫ್ ಹೊಡೆದರೆ ಏನೂ ಆಗದವಳಂತೆ ಶುರುವಾಯಿತು. ಗ್ಯಾರೇಜಿಗೆ ಒಯ್ದೆ. ಅಲ್ಲಿ ಒಂದು ಗಂಟೆ ಎಂಜಿನ್ ಓಡಿಸಿಟ್ಟರೂ ಒಂದು ಕೆಮ್ಮಿಲ್ಲ. ‘ಗಾಡಿ ಮಕ್ಕನ್ ಇದೆಯಲ್ಲ ಸಾಹೇಬ್ರೇ’ ಎಂದ ಉಡುಪಿ ಕಡೆಯ ಮಿಸ್ತ್ರಿ.

ಈ ಕಾರಿಗೆ ಚೆಂಬೂರು ತವರಲ್ಲದಿದ್ದರೂ ನೆರೆಮನೆ. ಪಕ್ಕದ ಕುರ್ಲಾದಲ್ಲೇ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಿತ್ತು. ಇಟಲಿಯ ಫಿಯೆಟ್ 1100 ಅಲ್ಲಿ ಪದ್ಮಿನಿಯಾಯಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಫಿಯೆಟ್ಟೇ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ ಮುಗಿಯುವಷ್ಟರಲ್ಲಿ ಕಪ್ಪು-ಹಳದಿ ಫಿಯೆಟ್ ರಸ್ತೆಯಿಂದ ಮರೆಯಾಯಿತು. ಅದರ ಜೊತೆಗೆ ಅದರ ಕಾಯಿಲೆಗಳನ್ನು ಕಿವಿಯಲ್ಲೇ ಹಿಡಿಯುತ್ತಿದ್ದ ಡ್ರೈವರ್‌ಗಳೂ ಮರೆಯಾದರು. ಈಗ ನಮ್ಮ ಪಾಡು ನಮಗೆ.

1089 ಸಿಸಿಯ ಆ ಎಂಜಿನ್ನಿಗೆ ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಗಾಳಿ, ಪೆಟ್ರೋಲ್, ಹೊತ್ತಿಗೆ ಸರಿಯಾಗಿ ಒಂದು ಕಿಡಿ, ಇಷ್ಟು ಸಿಕ್ಕರೆ ಓಡುತ್ತದೆ. ನಿಂತಿತೆಂದರೆ ಹೆಚ್ಚಾಗಿ ಪೆಟ್ರೋಲ್ ತಪ್ಪಿರಬೇಕು, ಇಲ್ಲವೇ ಕಿಡಿ. ಪೆಟ್ರೋಲ್ ತಪ್ಪುವಾಗ ಗಾಡಿ ಜಗ್ಗುತ್ತದೆ, ಕೆಮ್ಮುತ್ತದೆ, ಎಳೆದಾಡಿಕೊಂಡು ಸಾಯುತ್ತದೆ. ಕಿಡಿ ಪೂರ್ತಿ ಹೋದರೆ ಯಾರೋ ಚಾವಿ ತಿರುಗಿಸಿದಂತೆ ಥಟ್ಟನೆ ಮೌನ. ಕಿಡಿ ದುರ್ಬಲವಾದಾಗ ಮಾತ್ರ ಎರಡರ ನಡುವಿನ ಗೊಂದಲ. ನನ್ನದು ಈ ಗೊಂದಲದ ಜಾತಿ.

ಬೇಸಿಗೆಯಲ್ಲಿ ಮೊದಲ ಅನುಮಾನ ಪೆಟ್ರೋಲಿನ ಮೇಲೆಯೇ. ನೀರಿನಂತೆ ಅದು ಒಂದೇ ಉಷ್ಣತೆಗೆ ಕುದಿಯುವುದಿಲ್ಲ. ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣವಾದ್ದರಿಂದ ಹಗುರವಾದವು ಸುಮಾರು 35 ಡಿಗ್ರಿಗೇ ಆವಿಯಾಗತೊಡಗುತ್ತವೆ, ಭಾರದವಕ್ಕೆ 200 ಡಿಗ್ರಿಯ ಹತ್ತಿರ ಹೋಗಬೇಕು. ಫಿಯೆಟ್ಟಿನಲ್ಲಿ ಪೆಟ್ರೋಲ್ ಎಳೆಯುವ ಎಸಿ ಪಂಪ್ (ಗ್ಯಾರೇಜಿನ ಹೆಸರಷ್ಟೇ, ತಂಪಿಗೂ ಅದಕ್ಕೂ ಸಂಬಂಧವಿಲ್ಲ) ಕೂತಿರುವುದು ಕಾದ ಎಂಜಿನ್ನಿನ ಮೈಗೇ. ಎಳೆಯುವ ಕಡೆ ಒತ್ತಡ ಕಡಿಮೆ. ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯುತ್ತದೆ. ಪೈಪಿನೊಳಗೆ ಆವಿ ತುಂಬಿತೆಂದರೆ ಪಂಪು ಗಾಳಿ ಜಗಿದಂತೆ ಆಡುತ್ತದೆ. ಹಳೆಯ ಡ್ರೈವರ್‌ಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕೇ.

ಇನ್ನೂ ಕೆಲವು ಕಳ್ಳರಿದ್ದಾರೆ. ಟ್ಯಾಂಕಿನ ಮುಚ್ಚಳದ ಗಾಳಿ ರಂಧ್ರ ಕಟ್ಟಿಕೊಂಡರೆ ಪೆಟ್ರೋಲ್ ಇಳಿದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತ ಬೆಳೆದು, ಒಂದಷ್ಟು ದೂರ ಹೋದ ಮೇಲೆ ಗಾಡಿ ನಿಲ್ಲುತ್ತದೆ. ನಿಂತ ಕೂಡಲೇ ಮುಚ್ಚಳ ತಿರುಗಿಸಿ, ‘ಸ್ಸ್’ ಎಂದು ಗಾಳಿ ಒಳನುಗ್ಗಿದರೆ ಕಳ್ಳ ಸಿಕ್ಕಿದಂತೆ. ಟ್ಯಾಂಕಿನ ತುಕ್ಕಿನ ಚಕ್ಕೆ ಇನ್ನೂ ಚಾಲಾಕಿ. ಪಂಪು ಎಳೆದಾಗ ಪೈಪಿನ ಬಾಯಿಗೆ ಅಂಟಿಕೊಂಡು, ಎಂಜಿನ್ ನಿಂತು ಸೆಳೆತ ಹೋದ ಮೇಲೆ ತಾನೇ ಉದುರಿಬಿಡುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ. ಅದು ಹಳೆಯ ಟ್ಯಾಂಕಿನ ಕೊಳೆಯನ್ನು ಸಡಿಲಿಸುತ್ತದೆ, ನೀರನ್ನು ಹೀರಿಕೊಳ್ಳುತ್ತದೆ, ಅದಕ್ಕೆಂದು ಮಾಡಿರದ ರಬ್ಬರನ್ನು ಕೆಡಿಸುತ್ತದೆ.

ನನ್ನ ಗಾಡಿಗೆ ಒಬ್ಬರು ಪ್ಲಗ್ ಬದಲಿಸಿದರು, ಆರು ದಿನ ಓಡಿತು. ಇನ್ನೊಬ್ಬರು ಕಾರ್ಬುರೇಟರ್ ತೊಳೆದು ‘ಕಚರಾ ಇತ್ತು’ ಎಂದರು, ನಾಲ್ಕು ದಿನ. ಮೂರನೆಯವರು ಇಗ್ನಿಷನ್ ಕಾಯಿಲನ್ನೇ ಹೊಸದು ಹಾಕಿದರು, ಒಂಬತ್ತು ದಿನ. ಪ್ರತಿ ಸಲವೂ ‘ಸಿಕ್ಕಿತು’ ಅಂದುಕೊಂಡದ್ದೇ.

ಆಮೇಲೆ ನಾನು ಮಾಡಿದ್ದು ಒಂದು ಪುಸ್ತಕ ಇಟ್ಟದ್ದು. ನಿಂತ ಜಾಗ, ಹೊತ್ತು, ಟ್ಯಾಂಕಿನ ಮಟ್ಟ, ಅದಕ್ಕೆ ಮೊದಲು ಎಷ್ಟು ಹೊತ್ತು ಟ್ರಾಫಿಕ್ಕಿನಲ್ಲಿ ತೆವಳಿದ್ದೆ ಎಂಬುದು. ನಾಲ್ಕೈದು ಸಾಲು ತುಂಬುವಷ್ಟರಲ್ಲಿ ಚಿತ್ರ ಮೂಡಿತು. ಈಸ್ಟರ್ನ್ ಫ್ರೀವೇಯಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಅಮರ್ ಮಹಲ್, ಸುಮನ್ ನಗರ, ಸಾಯನ್ ಹೀಗೆ ಗಾಳಿಯಾಡದೆ ಬಾನೆಟ್ಟಿನಡಿ ಬೇಯುವ ಜಾಗಗಳಲ್ಲೇ ನಿಂತದ್ದು. ಗ್ಯಾರೇಜಿನಲ್ಲಿ ಯಾಕೆ ನಿಲ್ಲಲಿಲ್ಲ ಎಂಬುದೂ ಆಗಲೇ ಹೊಳೆಯಿತು. ಅಲ್ಲಿ ಗಾಡಿ ಓಡಿದ್ದು ಬಾನೆಟ್ ಎತ್ತಿಟ್ಟು! ಪರೀಕ್ಷೆಗೆಂದು ಬಾನೆಟ್ ಎತ್ತಿದ ಕೂಡಲೇ ಸಾಕ್ಷಿ ನಾಶ.

ಮುಂದಿನ ಸಲ ಸಾಯನ್‌ನಲ್ಲಿ ನಿಂತಾಗ ಗಾಡಿಯನ್ನು ಬದಿಗೆ ತಳ್ಳಿ ತಣಿಯಲು ಬಿಡದೆ ಕೆಲಸಕ್ಕಿಳಿದೆ. ಮೊದಲು ಏರ್ ಫಿಲ್ಟರ್ ತೆಗೆದು ಕಾರ್ಬುರೇಟರಿನ ಗಂಟಲಿಗೆ ಟಾರ್ಚ್ ಬಿಟ್ಟು ಆಕ್ಸಿಲರೇಟರಿನ ಲಿವರ್ ಎಳೆದೆ. ದಾರದಂತೆ ಪೆಟ್ರೋಲ್ ಚಿಮ್ಮಿತು. ಅಂದರೆ ಪೆಟ್ರೋಲ್ ನಿರಪರಾಧಿ. ಫಿಲ್ಟರ್ ಮತ್ತೆ ಕೂರಿಸಿ, ಪೆಟ್ರೋಲ್ ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡೆಲ್ಕೊದ (ಡಿಸ್ಟ್ರಿಬ್ಯೂಟರ್) ನಡುವಿನ ದಪ್ಪ ವೈರಿಗೆ ಹಳೆಯ ಪ್ಲಗ್ ಸಿಕ್ಕಿಸಿ ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟೆ. ‘ಸೆಲ್ಫ್ ಹೊಡಿ ಪುಟ್ಟಾ’ ಎಂದೆ ಮಗಳಿಗೆ. ಚಟಪಟ ಎನ್ನುವ ನೀಲಿ ಕಿಡಿ ಇರಬೇಕಾದಲ್ಲಿ ಸೊರಗಿದ ಕಿತ್ತಳೆ ಗೆರೆಯೊಂದು ಬಂದು ಹೋಯಿತು. ಆ ವೈರಿನಲ್ಲಿ ಹದಿನೈದಿಪ್ಪತ್ತು ಸಾವಿರ ವೋಲ್ಟ್ ಇರುತ್ತದೆ; ಅದನ್ನು ಕೈಯಲ್ಲಿ ಹಿಡಿಯಬಾರದು.

ಬ್ಯಾಟರಿಯ ಹನ್ನೆರಡು ವೋಲ್ಟ್ ಅಷ್ಟು ಸಾವಿರವಾಗುವುದು ಹೇಗೆ? ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಪೈಪು ಗುದ್ದುವುದನ್ನು ಕೇಳಿರುತ್ತೀರಿ. ಡೆಲ್ಕೊದ ಪಾಯಿಂಟ್‌ಗಳು ಕಾಯಿಲಿನ ಕರೆಂಟನ್ನು ಹಾಗೆಯೇ ಥಟ್ಟನೆ ಕಡಿಯುತ್ತವೆ, ಆ ಗುದ್ದೇ ಕಿಡಿ. ಆದರೆ ಕಡಿಯುವ ಗಳಿಗೆಯಲ್ಲಿ ಕರೆಂಟು ಪಾಯಿಂಟ್‌ಗಳ ನಡುವಿನ ಕೂದಲೆಳೆ ಸಂದಿಯನ್ನೇ ಹಾರಲು ನೋಡುತ್ತದೆ. ಅದನ್ನು ತಾನು ನುಂಗಿಕೊಂಡು ಕಡಿತವನ್ನು ಚುರುಕಾಗಿಸುವುದು ಕಂಡೆನ್ಸರ್ ಎಂಬ ಪುಟ್ಟ ಡಬ್ಬಿ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವ ನಿಧಾನದಲ್ಲೂ ನಾಲ್ಕು ಸಿಲಿಂಡರಿಗೆ ಸೇರಿ 1600 ಸಲ ಈ ಕೆಲಸ. ಕಂಡೆನ್ಸರಿನೊಳಗಿನ ನಿರೋಧಕ ಪದರ ಹಳತಾದರೆ ತಣ್ಣಗಿದ್ದಾಗ ಸರಿ, ಕಾದಾಗ ಸೋರಿಕೆ. ಕಾಯಿಲಿನ ತಾಮ್ರವೂ ಶಾಖಕ್ಕೆ ಬಗ್ಗುತ್ತದೆ. 60 ಡಿಗ್ರಿ ಏರಿದರೆ ಅದರ ರೋಧ ಕಾಲು ಭಾಗದಷ್ಟು ಹೆಚ್ಚಿ, ಕಿಡಿಯ ಶಕ್ತಿಯಲ್ಲಿ ಮೂರನೇ ಒಂದರಷ್ಟು ಕರಗುತ್ತದೆ. ಒಳ್ಳೆಯ ಕಾಯಿಲ್ ಅದನ್ನು ತಡೆದುಕೊಳ್ಳುತ್ತದೆ, ಆದರೆ ಸೋರುವ ಕಂಡೆನ್ಸರ್ ಜೊತೆಗಿದ್ದರೆ ಸೋಲುತ್ತದೆ.

ಡೆಲ್ಕೊ ಮುಚ್ಚಳ ತೆಗೆದರೆ ಪಾಯಿಂಟ್‌ಗಳು ಸುಟ್ಟು ಕಪ್ಪಾಗಿದ್ದವು. ಕಂಡೆನ್ಸರ್ ಬಿಚ್ಚಿ ಮನೆಗೆ ತಂದು ಮೇಜಿನ ಮೇಲಿಟ್ಟು ಮಲ್ಟಿಮೀಟರ್ ಹಿಡಿದೆ. ತಣ್ಣಗಿದ್ದಾಗ ಅಂಕಿ ಏರಿ ಏರಿ ಅನಂತಕ್ಕೆ ಹೋಯಿತು, ಅಂದರೆ ಸೋರಿಕೆಯಿಲ್ಲ. ಹೆಂಡತಿಯ ಹೇರ್ ಡ್ರೈಯರ್ ಐದು ನಿಮಿಷ ಬಿಟ್ಟು ಮತ್ತೆ ನೋಡಿದರೆ ಅಂಕಿ ಮೇಲೇರದೆ ಕೆಲವೇ ಸಾವಿರ ಓಮ್‌ಗೆ ನಿಂತುಬಿಟ್ಟಿತು. ತಣಿಸಿದೆ, ಮತ್ತೆ ಸಾಧು.

ಹೊಸದು ಹಾಕಿದ ಮೇಲೂ ‘ಸರಿಯಾಯಿತು’ ಎನ್ನುವ ಆತುರ ಬೇಡ. ಗಾಡಿ ಸರಾಸರಿ ಎಂಟು ದಿನಕ್ಕೊಮ್ಮೆ ಅಡ್ಡಾದಿಡ್ಡಿ ನಿಲ್ಲುತ್ತಿದ್ದರೆ, ಏನೂ ರಿಪೇರಿ ಮಾಡದಿದ್ದರೂ ಎಂಟು ದಿನ ನಿಲ್ಲದೆ ಓಡುವ ಸಂಭವ ಶೇ. 37. ಹದಿನಾರು ದಿನಕ್ಕೆ ಶೇ. 13, ಇಪ್ಪತ್ತನಾಲ್ಕು ದಿನಕ್ಕೆ ಶೇ. 5. ನನ್ನ ಮೂವರು ಮಿಸ್ತ್ರಿಗಳ ಆರು, ನಾಲ್ಕು, ಒಂಬತ್ತು ದಿನಗಳ ಗೆಲುವು ಬರೀ ಅದೃಷ್ಟದ ಲೆಕ್ಕದೊಳಗೇ ಇತ್ತು. ಮೊದಲು ಎಷ್ಟು ದಿನಕ್ಕೊಮ್ಮೆ ನಿಲ್ಲುತ್ತಿತ್ತೋ ಅದರ ಮೂರು ಪಟ್ಟು ಕಾಯಿರಿ, ಅದೂ ಅದೇ ಬಿಸಿಲಲ್ಲಿ, ಅದೇ ಟ್ರಾಫಿಕ್ಕಿನಲ್ಲಿ.

ನನ್ನ ಗಾಡಿ ಮೇ ತಿಂಗಳ ಬಿಸಿಲಲ್ಲಿ ಇಪ್ಪತ್ತೇಳು ದಿನ ದಾಟಿದೆ. ಕಂಡೆನ್ಸರಿಗೆ ಕೊಟ್ಟದ್ದು ಇನ್ನೂರು ರೂಪಾಯಿಗೂ ಕಡಿಮೆ. ಅದಕ್ಕೆ ಮೊದಲು ಸುಮ್ಮನೆ ಬಿಚ್ಚಿದ ಹಳೆಯ ಕಾಯಿಲ್ ಡಿಕ್ಕಿಯಲ್ಲಿದೆ, ಈಗಲೂ ಚೆನ್ನಾಗಿಯೇ ಕಿಡಿ ಕೊಡುತ್ತದೆ.