ಬಲೂನಿನ ಕೋವಿ

ಗಂಗೊಳ್ಳಿಯ ಜಾತ್ರೆಪೇಟೆಗೆ ಸಂಜೆ ಹೋದರೆ ಚುರುಮುರಿಯ ಈರುಳ್ಳಿ, ಮಲ್ಲಿಗೆ, ಬಂದರಿನ ಮೀನು, ಡೀಸೆಲ್ಲು ಎಲ್ಲವೂ ಒಟ್ಟಿಗೇ ಮೂಗಿಗೆ ಬರುತ್ತವೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ಸಹಿತ ಐದು ನದಿಗಳು ಕಡಲಿಗಿಳಿಯುವ ಜಾಗ. ಗಾಳಿಯಲ್ಲಿ ಸದಾ ಉಪ್ಪು. ಬಳೆಯಂಗಡಿ ದಾಟಿದರೆ ನೀಲಿ ಟಾರ್ಪಾಲಿನ ಕೆಳಗೊಂದು ಹಲಗೆ, ಅದರ ತುಂಬ ಬಲೂನು. ಎದುರು ಮೇಜಿನ ಮೇಲೆ ಎರಡು ಏರ್‌ಗನ್.

ಹೈಸ್ಕೂಲಿನ ಹುಡುಗನೊಬ್ಬ ಹಲ್ಲು ಕಚ್ಚಿ, ಕೋವಿಯನ್ನು ಭುಜಕ್ಕೆ ಒತ್ತಿ ಹಿಡಿದು ಹೊಡೆಯುತ್ತಿದ್ದಾನೆ. ಒಂದು ಗುಂಡು ಮೇಲೆ, ಒಂದು ಬಲಕ್ಕೆ, ಒಂದು ಎತ್ತಲೋ. ಪ್ರತಿ ಹೊಡೆತಕ್ಕೂ ನಳಿಗೆಯ ತುದಿಯಲ್ಲಿ ಸಣ್ಣಗೆ ಹೊಗೆ. ಹಿಂದೆ ನಿಂತಿದ್ದವರು ಬಂದರಿನಲ್ಲಿ ಬೋಟಿನ ಇಂಜಿನ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್. ಕೋವಿ ಕೇಳಿ ತೆಗೆದುಕೊಂಡು ಮೂಸಿ ನೋಡಿದರು.

“ಹ್ವಾಯ್, ಇದ್ಕೆ ತೆಂಗಿನೆಣ್ಣಿ ಬಿಟ್ಟಿದ್ರ್ಯಾ?”

“ತುಕ್ಕು ಹಿಡೀತದಲ್ಲ ಅಣ್ಣ, ಅದಕ್ಕೆ.”

“ಹಾಂಗಾರೆ ಇದ್ ಕೋವಿ ಅಲ್ಲ, ಡೀಸೆಲ್ ಇಂಜಿನ್!”

ಮಾತು ಅಕ್ಷರಶಃ ನಿಜ. ಸ್ಪ್ರಿಂಗ್ ಬಿಟ್ಟಾಗ ಒಳಗಿನ ಪಿಸ್ಟನ್ ಗಾಳಿಯನ್ನು ಒಮ್ಮೆಗೇ ಒತ್ತುತ್ತದೆ, ಒತ್ತಿದ ಗಾಳಿ ಕಾಯುತ್ತದೆ, ಎಣ್ಣೆ ಇದ್ದರೆ ಹತ್ತಿಕೊಳ್ಳುತ್ತದೆ. ಎಷ್ಟು ಎಣ್ಣೆ ಉರಿಯಿತೋ ಅಷ್ಟು ವೇಗ, 4.5 ಮಿಲಿಮೀಟರಿನ ಆ ಪುಟ್ಟ ಸೀಸದ ಗುಂಡು ಒಂದು ಸಲದಂತೆ ಇನ್ನೊಂದು ಸಲ ಹೋಗುವುದೇ ಇಲ್ಲ. ಅವರು ನಳಿಗೆಯೊಳಗೆ ಒಣಬಟ್ಟೆ ಎಳೆದರು. ಒಳಗುಳಿದ ಎಣ್ಣೆ ಉರಿದು ಹೊಗೆ ನಿಲ್ಲುವ ತನಕ ಬರಿಯ ಹಲಗೆಗೆ ಹೊಡೆದರು. ನಳಿಗೆ ಮಡಚುವ ಸಂದಿನ ಬೋಲ್ಟ್ ಸಡಿಲವಾಗಿತ್ತು, ಬಿಗಿ ಮಾಡಿದರು. ಡಬ್ಬಿಯ ಗುಂಡುಗಳಲ್ಲಿ ಅಂಚು ಚಪ್ಪಟೆಯಾದವನ್ನೆಲ್ಲ ಆರಿಸಿ ಬದಿಗಿಟ್ಟರು. ಉಪ್ಪುಗಾಳಿಗೆ ಎಣ್ಣೆ ಬೇಕು ನಿಜ, ಆದರೆ ಹೊರಮೈಗೆ, ಅದೂ ಒರೆಸಿದಷ್ಟು ಮಾತ್ರ.

ಇಂಥ ಹಗುರ ಕೋವಿ ಹಿಡಿದು ಗದ್ದೆಬಯಲಲ್ಲಿ ಹಕ್ಕಿ ಹೊಡೆಯುತ್ತಿದ್ದ ಕಾಲವೊಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಅಂಥ ಬೇಟೆ ಅಪರಾಧ. ಕೊಕ್ಕರೆಯ ಎದೆಗಿಂತ ಬಲೂನು ಸಾವಿರ ಪಾಲು ಒಳ್ಳೆಯ ಗುರಿ. ಕೈಯ ಪಳಗುವಿಕೆಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಇನ್ನು ಹುಡುಗನ ಸರದಿ. “ಗಟ್ಟಿ ಹಿಡ್ಕಣ್ಬೇಡ ಮಗಾ. ಎಡಗೈ ಮೇಲೆ ಸುಮ್ನೆ ಕೂರ್ಸ್ಕೋ.” ಕೇಳಲು ವಿಚಿತ್ರ, ಆದರೆ ಕಾರಣವಿದೆ. ಪಿಸ್ಟನ್ ಮುಂದೆ ಹಾರುವಾಗ ಕೋವಿ ಹಿಂದಕ್ಕೆ ಜಗ್ಗುತ್ತದೆ, ಪಿಸ್ಟನ್ ಬಡಿದು ನಿಂತಾಗ ಮುಂದಕ್ಕೆ. ಕೋವಿ ಹಗುರವಾದಷ್ಟೂ ಈ ಕುಲುಕಾಟ ಹೆಚ್ಚು. ಬಿಗಿ ಹಿಡಿದರೆ ಪ್ರತಿ ಸಲ ಬಿಗಿ ಬೇರೆ, ಕುಲುಕಾಟವೂ ಬೇರೆ. ಸಡಿಲ ಬಿಟ್ಟರೆ ಕೋವಿ ಪ್ರತಿ ಸಲ ಒಂದೇ ರೀತಿ ಕುಲುಕುತ್ತದೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಕೋವಿ ಐದೂವರೆ ಕಿಲೋ ತನಕ ತೂಗಬಹುದು. ಅಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಫೈನಲ್‌ಗೆ ಮೊದಲಿನ ಅಭ್ಯಾಸದ ಗುಂಡು ನಾಲ್ಕಕ್ಕೆ ಬಿದ್ದಾಗ ಅವರು ಎದೆಗೆಡದೆ ಗುರಿ ನೋಡುವ ಸೈಟ್ ತಿರುಗಿಸಿದರು. ಕೊನೆಯ ಗುಂಡು 10.8.

ಮೆಕ್ಯಾನಿಕ್ ರಟ್ಟಿನ ಮೇಲೊಂದು ಮಸಿಬೊಟ್ಟು ಇಟ್ಟು ಹಲಗೆಗೆ ಸಿಕ್ಕಿಸಿದರು. ಹುಡುಗ ಅರ್ಧ ಉಸಿರು ಬಿಟ್ಟು, ತಡೆದು, ಕುದುರೆಯನ್ನು ಮೆಲ್ಲನೆ ಎಳೆದ. ಐದು ತೂತು, ಐದೂ ಬೊಟ್ಟಿನ ಎಡಕ್ಕೆ, ಕೆಳಗೆ. ಅವನ ಮುಖ ಬಾಡಿತು. ಮೆಕ್ಯಾನಿಕ್ ಮುಖ ಅರಳಿತು. ಐದೂ ಒತ್ತೊತ್ತಾಗಿ ಬಿದ್ದಿದ್ದವಲ್ಲ! ಚದುರಿದ ಗುಂಡಿಗೆ ಮದ್ದಿಲ್ಲ. ಒಂದೆಡೆ ಕೂತದ್ದನ್ನು ಸರಿಸಲು ಒಂದು ಸ್ಕ್ರೂ ಸಾಕು. ಹಿಂದಿನ ಸೈಟನ್ನು ಬಲಕ್ಕೆ ತುಸು, ಮೇಲಕ್ಕೆ ತುಸು ತಿರುಗಿಸಿ ಕೊಟ್ಟರು.

ಹಳದಿ ಬಲೂನು ಒಡೆಯಿತು, ಮತ್ತೆ ಕೆಂಪು, ಮತ್ತೆ ಹಸಿರು. ಅಂಗಡಿಯವನ ಮುಖದಲ್ಲಿ ಲೆಕ್ಕಾಚಾರ ಶುರುವಾಗಿತ್ತು. ಮೆಕ್ಯಾನಿಕ್ ಆಗಲೇ ಮೇಜಿನತ್ತ ಕೈ ಚಾಚಿದ್ದರು: “ಅದೊಂದನ್ನೂ ಕೊಡಿ ಕಾಂಬ.”